ಸಹಾಯ ಬೇಕು: √8 ಅಭಾಗಲಬ್ಧ ಎಂದು ಸಾಧಿಸುವಾಗ ಸಿಕ್ಕಿಕೊಂಡಿದ್ದೇನೆ

ನಮಸ್ಕಾರ. ಹತ್ತನೇ ತರಗತಿಯ ಮಗಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. √2, √3 ಅಭಾಗಲಬ್ಧ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದವು) ಎಂಬ ಸಾಧನೆ ಇಬ್ಬರಿಗೂ ಅರ್ಥವಾಗಿದೆ. √3 ಎಂಬುದು ಸಾಮಾನ್ಯ ಅಪವರ್ತನವಿಲ್ಲದ ಭಿನ್ನರಾಶಿ ಎಂದು ಊಹಿಸಿಕೊಂಡು, ಕೊನೆಗೆ ಅಂಶ, ಛೇದ ಎರಡನ್ನೂ 3 ಭಾಗಿಸುತ್ತದೆ ಎಂದು ತೋರಿಸಿದರೆ ವಿರೋಧಾಭಾಸ ಸಿಗುತ್ತದೆ. ಎಷ್ಟು ಚೆಂದದ ವಾದ!

ನಿನ್ನೆ ಅವಳು, "ಅಪ್ಪಾ, ಇದೇ ರೀತಿ √8ಕ್ಕೆ ಮಾಡೋಣ" ಎಂದಳು. ಅಲ್ಲಿಂದ ತೊಡಕು ಶುರುವಾಯಿತು. ಒಂದು ಸಂಖ್ಯೆಯ ವರ್ಗವನ್ನು 3 ಭಾಗಿಸಿದರೆ ಆ ಸಂಖ್ಯೆಯನ್ನೂ 3 ಭಾಗಿಸುತ್ತದೆ, ಸರಿ. ಆದರೆ 4ರ ವರ್ಗವಾದ 16ನ್ನು 8 ಭಾಗಿಸುತ್ತದೆ, 4ನ್ನು ಭಾಗಿಸುವುದಿಲ್ಲ. ಸಾಧನೆಯ ಬುಡವೇ ಕಳಚಿತು. 3 ಅವಿಭಾಜ್ಯ, 8 ಅಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಆದರೆ 6 ಕೂಡ ಅವಿಭಾಜ್ಯವಲ್ಲ, ಆದರೂ √6ಕ್ಕೆ ಅದೇ ವಾದ ನಡೆಯುತ್ತದೆ!

√8 ಅಂದರೆ 2√2 ಎಂದು ಬರೆದು ಸದ್ಯ ದಾಟಿದ್ದೇವೆ. ಮಗಳಿಗೆ ಅದರಿಂದ ಸಮಾಧಾನವಿಲ್ಲ, ನನಗೂ ಇಲ್ಲ.

ಗಣಿತ ಬಲ್ಲವರು ದಯವಿಟ್ಟು ತಿಳಿಸಿ: ಪೂರ್ಣವರ್ಗವಲ್ಲದ ಯಾವುದೇ ಸ್ವಾಭಾವಿಕ ಸಂಖ್ಯೆಯ ವರ್ಗಮೂಲ ಅಭಾಗಲಬ್ಧ ಎಂದು ಒಂದೇ ಏಟಿಗೆ ತೋರಿಸುವ, ಹತ್ತನೇ ತರಗತಿಗೆ ಎಟಕುವ ಸಾಧನೆ ಇದೆಯೇ? ಅಂಕಗಣಿತದ ಮೂಲಭೂತ ಪ್ರಮೇಯವನ್ನು (1ಕ್ಕಿಂತ ದೊಡ್ಡ ಪ್ರತಿ ಸ್ವಾಭಾವಿಕ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು ಎಂಬುದು) ಅದರಲ್ಲಿ ಎಲ್ಲಿ ಬಳಸಬೇಕು?