ಗೇಟಿಲ್ಲದ ರೈಲ್ವೆ ಕ್ರಾಸಿಂಗ್: ಎಷ್ಟು ದೂರ ಕಾಣಬೇಕು, ದುಡ್ಡು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಮಿಡ್‌ವೆಸ್ಟ್ ಕಡೆ, ಹಳ್ಳಿ ಪ್ರದೇಶದಲ್ಲಿದ್ದೇವೆ. ಊರಿಗೆ ಹೋಗುವ ಕೌಂಟಿ ರಸ್ತೆ ಒಂದು ಕಡೆ ರೈಲು ಹಳಿ ದಾಟುತ್ತದೆ. ಗೇಟಿಲ್ಲ, ದೀಪವಿಲ್ಲ. ಕತ್ತರಿ ಆಕಾರದ ಬಿಳಿ ಬೋರ್ಡು, ಅದರ ಕೆಳಗೊಂದು ಯೀಲ್ಡ್ (ರೈಲಿಗೆ ದಾರಿ ಬಿಡಿ ಅನ್ನುವ) ಬೋರ್ಡು, ಅಷ್ಟೇ. ಜುಲೈ ಬಂತು ಅಂದರೆ ಮೂಲೆ ಹೊಲದ ಮೆಕ್ಕೆಜೋಳ ಆಳೆತ್ತರ ಬೆಳೆದು ಏನೂ ಕಾಣುವುದಿಲ್ಲ. ಮಗಳ ಸ್ಕೂಲ್ ಬಸ್ಸೂ ಇದೇ ದಾರಿ. ಕೌಂಟಿಯವರನ್ನು ಕೇಳಿದರೆ "ಅಲ್ಲಿ ಇದುವರೆಗೆ ಆಕ್ಸಿಡೆಂಟೇ ಆಗಿಲ್ಲವಲ್ಲ" ಅಂದರು. ಅಪಾಯ ಇದೆಯೋ ಇಲ್ಲವೋ ನಾವೇ ಅಳೆದು ನೋಡಬಹುದಾ? ಗೇಟು ಹಾಕಿಸಲು ದುಡ್ಡು ಯಾರು ಕೊಡುತ್ತಾರೆ?

ಉತ್ತರ (ಟ್ರಾಫಿಕ್ ಎಂಜಿನಿಯರ್): ನಮಸ್ಕಾರ. ಅಳೆಯಬಹುದು, ಖಂಡಿತ. ಆದರೆ ಎರಡು ದೂರಗಳಿವೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ಓಡುತ್ತಿರುವ ಗಾಡಿಯದು. ನೀವು ಗಂಟೆಗೆ 55 ಮೈಲಿ ವೇಗದಲ್ಲಿ ಬರುತ್ತಿದ್ದೀರಿ ಅಂದುಕೊಳ್ಳಿ. ರೈಲು ಕಂಡ ಮೇಲೆ ಬ್ರೇಕ್ ಹಾಕಿ ಹಳಿಗೆ ಮುಂಚೆ ನಿಲ್ಲಬೇಕು ಅಂದರೆ ಸುಮಾರು 515 ಅಡಿ ಹಿಂದೆಯೇ ನಿಮಗದು ಕಾಣಬೇಕು. ರೈಲಿನ ವೇಗ 60 ಮೈಲಿ ಇದ್ದರೆ, ಆ ಜಾಗದಿಂದ ನೋಡಿದಾಗ ಹಳಿಯ ಮೇಲೆ ಸುಮಾರು 655 ಅಡಿ ದೂರದವರೆಗೆ ಕಾಣುತ್ತಿರಬೇಕು. ರಸ್ತೆ, ಹಳಿ, ನಿಮ್ಮ ನೋಟ ಮೂರೂ ಸೇರಿ ಒಂದು ತ್ರಿಕೋನ ಆಗುತ್ತದೆ. ಅದರೊಳಗೆ ಅಡ್ಡ ಏನೂ ಇರಬಾರದು.

ಎರಡನೆಯದು ನಿಂತ ಗಾಡಿಯದು. ನನ್ನ ಪ್ರಕಾರ ಇದೇ ಮುಖ್ಯ. ಹತ್ತಿರದ ಹಳಿಯಿಂದ 15 ಅಡಿ ಹಿಂದೆ ನಿಂತು, ಎಡ ಬಲ ನೋಡಿ, ಹೊರಟು, ಗಾಡಿಯ ಬಾಲವೂ ಆಚೆ ದಾಟಬೇಕು. ಲೆಕ್ಕಕ್ಕೆ ತೆಗೆದುಕೊಳ್ಳುವುದು 73.5 ಅಡಿ ಉದ್ದದ ಟ್ರಕ್. ಅದಕ್ಕೆ ಒಂಟಿ ಹಳಿ ದಾಟಲು 17 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ ರೈಲಿನ ವೇಗದ ಪ್ರತಿ ಮೈಲಿಗೂ ಹಳಿಯ ಮೇಲೆ ಸುಮಾರು 25.5 ಅಡಿ ಕಾಣಬೇಕು. 60 ಮೈಲಿ ರೈಲಿಗೆ 1,530 ಅಡಿ, 80 ಮೈಲಿಗೆ 2,040 ಅಡಿ. ಎರಡು ಹಳಿ ಇದ್ದರೆ ಇನ್ನೂ ಜಾಸ್ತಿ. ಸ್ಕೂಲ್ ಬಸ್ಸು ಹೇಗೂ ನಿಂತೇ ಹೋಗಬೇಕು, ಹಾಗಾಗಿ ಅದಕ್ಕೆ ಲೆಕ್ಕಕ್ಕೆ ಬರುವುದು ಈ ಎರಡನೆಯ ದೂರವೇ.

ಅಳೆಯುವಾಗ ದಯವಿಟ್ಟು ಹಳಿ ಪಕ್ಕ ನಡೆದು ಹೋಗಬೇಡಿ. ಅದು ರೈಲ್ವೆ ಜಾಗ, ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಆ 15 ಅಡಿ ಗೆರೆಯ ಹಿಂದೆ ನಿಂತು, ಕಾರಿನಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ, ಅಂದರೆ ನೆಲದಿಂದ 3.5 ಅಡಿಗೆ ಬಗ್ಗಿ ನೋಡಿ. ಹಳಿ ಎಲ್ಲಿಯವರೆಗೆ ಕಾಣುತ್ತದೆ, ಅಲ್ಲಿ ಕಂಬವೋ ಮರವೋ ಏನಿದೆ ಅಂತ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಸ್ಯಾಟಲೈಟ್ ಮ್ಯಾಪಿನಲ್ಲಿ ದೂರ ಅಳೆಯಿರಿ. ರಸ್ತೆಯ ಎರಡೂ ಬದಿಯಿಂದ, ಹಳಿಯ ಎರಡೂ ದಿಕ್ಕಿಗೆ ಮಾಡಬೇಕು.

ಪ್ರಶ್ನೆ: ಸುಮ್ನೆ ಸ್ಟಾಪ್‌ವಾಚ್ ಹಿಡಿದು, ರೈಲು ಕಂಡ ಕ್ಷಣದಿಂದ ಕ್ರಾಸಿಂಗ್ ತಲುಪುವವರೆಗೆ ಎಣಿಸಿದರೆ ಸಾಲದಾ? ನಮ್ಮಲ್ಲಿ ರೈಲಿಗೆ ಎಷ್ಟು ಸ್ಪೀಡ್ ಇದೆ ಅಂತಲೇ ಗೊತ್ತಿಲ್ಲ.

ಉತ್ತರ: ಒಳ್ಳೆ ಉಪಾಯವೇ, ಆದರೆ ಮೋಸ ಹೋಗಬಹುದು. ಅವತ್ತು ಬಂದ ಗೂಡ್ಸ್ ರೈಲು ನಿಧಾನಕ್ಕೆ ಬಂದಿದ್ದರೆ 25 ಸೆಕೆಂಡ್ ಸಿಕ್ಕಿತು ಅಂತ ಖುಷಿಪಡುತ್ತೀರಿ. ನಾಳೆ ಬರುವುದು ವೇಗದ್ದಾಗಿರಬಹುದು. ಸೆಕೆಂಡು 17ಕ್ಕಿಂತ ಕಡಿಮೆ ಬಂದರೆ ಮಾತ್ರ ಅದು ಗಟ್ಟಿ ಸಾಕ್ಷಿ.

ಗರಿಷ್ಠ ವೇಗ ತಿಳಿಯುವುದು ಸುಲಭ. ಕ್ರಾಸಿಂಗ್ ಹತ್ತಿರ ನೀಲಿ ಬಣ್ಣದ ಸಣ್ಣ ಬೋರ್ಡು ಇರುತ್ತದೆ. ಅದರಲ್ಲಿ ತುರ್ತು ಫೋನ್ ನಂಬರ್ ಜೊತೆಗೆ ಆರು ಅಂಕಿ, ಒಂದು ಅಕ್ಷರದ ಗುರುತು ಸಂಖ್ಯೆ ಇದೆ. ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಆ ಕ್ರಾಸಿಂಗಿನ ಜಾತಕವೇ ಸಿಗುತ್ತದೆ. ದಿನಕ್ಕೆ ಎಷ್ಟು ರೈಲು, ಗರಿಷ್ಠ ವೇಗ, ಎಷ್ಟು ಗಾಡಿ, ಎಷ್ಟು ಸ್ಕೂಲ್ ಬಸ್ಸು, ಎಲ್ಲವೂ. ಅದರಲ್ಲಿ ಬಸ್ಸಿನ ಲೆಕ್ಕ ಸೊನ್ನೆ ಅಂತ ಇದ್ದರೆ ತಕ್ಷಣ ರಾಜ್ಯದ ಸಾರಿಗೆ ಇಲಾಖೆಗೆ ಬರೆಯಿರಿ. ದುಡ್ಡಿನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಾನು ಟ್ರಕ್ ಓಡಿಸುತ್ತೇನೆ. ಕೆಲವು ಕ್ರಾಸಿಂಗ್‌ಗಳಲ್ಲಿ ಹಳಿ ಎತ್ತರದಲ್ಲಿರುತ್ತದೆ, ರಸ್ತೆ ಓರೆಯಾಗಿ ಹತ್ತುತ್ತದೆ. ಅಲ್ಲಿ ಈ ಅಡಿ ಲೆಕ್ಕ ನಡೆಯುತ್ತದಾ?

ಉತ್ತರ: ಇಲ್ಲ. ಮೇಲಿನ ಅಂಕಿಗಳೆಲ್ಲ ಸಮತಟ್ಟು ರಸ್ತೆಗೆ, 90 ಡಿಗ್ರಿಯಲ್ಲಿ ದಾಟುವ ಕಡೆಗೆ ಮಾತ್ರ. ಏರಿನಲ್ಲಿ ಲೋಡ್ ಗಾಡಿ ಹೊರಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಓರೆ ರಸ್ತೆಯಲ್ಲಿ ಒಂದು ಕಡೆಯ ರೈಲನ್ನು ಭುಜದ ಹಿಂದೆ ಕತ್ತು ತಿರುಗಿಸಿಯೇ ನೋಡಬೇಕು. ಟ್ರಕ್ಕಿನ ಕ್ಯಾಬಿನ್ ಒಳಗಿಂದ ಅದು ಎಷ್ಟು ಕಷ್ಟ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮಿಸೌರಿಯ ಮೆಂಡನ್ ಹತ್ತಿರ 2022ರ ಜೂನ್ 27ರಂದು ಆಗಿದ್ದು ಇದೇ ತರಹದ ಕ್ರಾಸಿಂಗಿನಲ್ಲಿ. ಲಾಸ್ ಏಂಜಲಿಸ್‌ನಿಂದ ಶಿಕಾಗೋಗೆ ಹೋಗುತ್ತಿದ್ದ ಆ್ಯಮ್‌ಟ್ರಾಕ್ ರೈಲು ಡಂಪ್ ಟ್ರಕ್ಕಿಗೆ ಬಡಿದು ಹಳಿ ತಪ್ಪಿತು. ಟ್ರಕ್ ಚಾಲಕರೂ ಮೂವರು ಪ್ರಯಾಣಿಕರೂ ತೀರಿಕೊಂಡರು. ಅಲ್ಲಿ ಗೇಟೂ ಇರಲಿಲ್ಲ, ದೀಪವೂ ಇರಲಿಲ್ಲ. ರಸ್ತೆ 45 ಡಿಗ್ರಿ ಓರೆ, ಮೇಲಾಗಿ ಕಡಿದಾದ ಏರು. ಬರುವ ರೈಲು ಕಾಣದಂತೆ, ಗಾಡಿ ನಿಲ್ಲಿಸಲು ಕಷ್ಟವಾಗುವಂತೆ ಆ ಕ್ರಾಸಿಂಗ್ ಇತ್ತು, ಅಪಘಾತಕ್ಕೆ ಅದೂ ಒಂದು ಕಾರಣ ಅಂತ ತನಿಖಾ ಮಂಡಳಿ ಹೇಳಿತು. ಆಮೇಲೆ ಅದನ್ನು ಮುಚ್ಚಿದರು. ಮಿಸೌರಿ ಸರ್ಕಾರ ಮರುವರ್ಷ ಕ್ರಾಸಿಂಗ್‌ಗಳ ಸುರಕ್ಷತೆಗೆ 5 ಕೋಟಿ ಡಾಲರ್ ಇಟ್ಟಿತು. ಬೇಸರದ ಸಂಗತಿ ಅಂದರೆ, ಅಪಘಾತಕ್ಕೆ ಮುಂಚೆಯೇ ರಾಜ್ಯದ ಯೋಜನಾ ಪಟ್ಟಿಯಲ್ಲಿ ಆ ಕ್ರಾಸಿಂಗ್ ಇತ್ತು.

ಪ್ರಶ್ನೆ: ಸರಿ ಸರ್, ಈಗ ದುಡ್ಡಿನ ವಿಷಯ ಹೇಳಿ. ಕೌಂಟಿ ಹತ್ತಿರ ಏನೂ ಇಲ್ಲವಂತೆ.

ಉತ್ತರ: ಗೇಟು, ದೀಪ, ರೈಲು ಬರುವುದನ್ನು ಗುರುತಿಸುವ ಸರ್ಕ್ಯೂಟು ಎಲ್ಲ ಸೇರಿದರೆ ಲಕ್ಷಗಟ್ಟಲೆ ಡಾಲರ್ ಆಗುತ್ತದೆ. ಸಣ್ಣ ಕೌಂಟಿ ಹೆದರುವುದು ಸಹಜ. ಆದರೆ ಇಂಥದ್ದಕ್ಕೇ ಸೆಕ್ಷನ್ 130 ಅಂತ ಒಂದು ಫೆಡರಲ್ ನಿಧಿ ಇದೆ. 2021ರ ಮೂಲಸೌಕರ್ಯ ಕಾನೂನು ಇದಕ್ಕೆ 2022ರಿಂದ 2026ರವರೆಗಿನ ಹಣಕಾಸು ವರ್ಷಗಳಿಗೆ ವರ್ಷಕ್ಕೆ 24.5 ಕೋಟಿ ಡಾಲರ್ ಇಟ್ಟಿದೆ. ಮೊದಲು ಫೆಡರಲ್ ಪಾಲು 90 ಶೇಕಡಾ ಇತ್ತು, ಈಗ 100ರವರೆಗೂ ಕೊಡಬಹುದು. ದುಡ್ಡು ಹೋಗುವುದು ರಾಜ್ಯಕ್ಕೆ, ಯಾವ ಕ್ರಾಸಿಂಗ್ ಅಂತ ಆರಿಸುವುದೂ ರಾಜ್ಯವೇ.

ಸಿಕ್ಕು ಇರುವುದು ಆ ಆಯ್ಕೆಯಲ್ಲಿ. ರೈಲು ಎಷ್ಟು, ಗಾಡಿ ಎಷ್ಟು, ಹಿಂದೆ ಅಪಘಾತ ಎಷ್ಟು ಅಂತ ಲೆಕ್ಕ ಹಾಕಿ ಪಟ್ಟಿ ಮಾಡುತ್ತಾರೆ. ಹಳ್ಳಿ ರಸ್ತೆಯಲ್ಲಿ ಗಾಡಿ ಕಡಿಮೆ, ಹಾಗಾಗಿ ನಿಮ್ಮ ಕ್ರಾಸಿಂಗ್ ಪಟ್ಟಿಯ ಕೆಳಗೆ ಹೋಗಿ ಕೂರುತ್ತದೆ. ನಿಮ್ಮ ಕೌಂಟಿಯವರು ಹೇಳಿದ್ದೂ ಇದೇ ಮಾತು ಅಲ್ವಾ? ಆ ಲೆಕ್ಕಕ್ಕೆ ಮೆಕ್ಕೆಜೋಳ ಕಾಣುವುದಿಲ್ಲ. ಅದಕ್ಕೇ ಅಡಿ ಲೆಕ್ಕ ಬೇಕು ಅಂದಿದ್ದು. "ಇಲ್ಲಿ ಅಪಾಯ" ಅಂತ ಹತ್ತು ಸಲ ಬರೆಯುವುದಕ್ಕಿಂತ "1,530 ಅಡಿ ಬೇಕು, 900 ಅಡಿ ಕಾಣುತ್ತಿದೆ, ದಿನಾ ಸ್ಕೂಲ್ ಬಸ್ ಓಡುತ್ತದೆ" ಅಂತ ಒಂದು ಸಲ ಬರೆಯಿರಿ. ಅದರ ಮೇಲೆ ಡಯಾಗ್ನೊಸ್ಟಿಕ್ ಟೀಮ್ ಕಳಿಸಿ ಅಂತ ಕೌಂಟಿ ಮೂಲಕ ಕೇಳಿ. ರಾಜ್ಯ, ಕೌಂಟಿ, ರೈಲ್ವೆ ಮೂವರ ಕಡೆಯವರೂ ಒಟ್ಟಿಗೆ ಬಂದು ಜಾಗ ನೋಡುತ್ತಾರೆ.

ಪಕ್ಕದ ಇನ್ನೊಂದು ಕ್ರಾಸಿಂಗ್ ಮುಚ್ಚಲು ಊರು ಒಪ್ಪಿದರೆ ಮಾತುಕತೆ ಬೇಗ ಮುಂದೆ ಹೋಗುತ್ತದೆ. ಮುಚ್ಚಿದ್ದಕ್ಕೆ ರೈಲ್ವೆ ಎಷ್ಟು ಕೊಡುತ್ತದೋ ಅಷ್ಟೇ ಮೊತ್ತವನ್ನು, 1 ಲಕ್ಷ ಡಾಲರ್ ಮಿತಿಯೊಳಗೆ, ಸೆಕ್ಷನ್ 130ರಿಂದಲೂ ಕೊಡಬಹುದು. 2021ಕ್ಕೆ ಮುಂಚೆ ಆ ಮಿತಿ ಬರೀ 7,500 ಡಾಲರ್ ಇತ್ತು. ಸೇತುವೆಯಂಥ ದೊಡ್ಡ ಕೆಲಸಕ್ಕೆ ರೈಲ್‌ರೋಡ್ ಕ್ರಾಸಿಂಗ್ ಎಲಿಮಿನೇಷನ್ ಅಂತ ಬೇರೆ ಅನುದಾನ ಇದೆ. ಅದರಲ್ಲಿ ಕನಿಷ್ಠ 20 ಶೇಕಡಾ ಫೆಡರಲ್ ಅಲ್ಲದ ಮೂಲದಿಂದ ಬರಬೇಕು. ನಿಮಗೆ ಸದ್ಯಕ್ಕೆ ಅದು ಬೇಡ.

ಮತ್ತೊಬ್ಬ ಸದಸ್ಯರು: ನಮ್ಮದು ಸ್ವಂತ ಫಾರಂ ಒಳಗಿನ ಕ್ರಾಸಿಂಗ್. ನಮಗೂ ಸಿಗುತ್ತದಾ?

ಉತ್ತರ: ಸೆಕ್ಷನ್ 130 ಸಾರ್ವಜನಿಕ ಕ್ರಾಸಿಂಗ್‌ಗೆ ಮಾತ್ರ. ನಿಮ್ಮದು ರೈಲ್ವೆ ಜೊತೆಗಿನ ಒಪ್ಪಂದದ ಮೇಲೆ ನಿಂತಿರುತ್ತದೆ. ಆ ಕಾಗದ ಹುಡುಕಿ ಓದಿ.

ಪ್ರಶ್ನೆ: ಸರ್, ಗೇಟು ಬರುವುದಕ್ಕೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಮೆಕ್ಕೆಜೋಳಕ್ಕೆ ಏನು ಮಾಡುವುದು?

ಉತ್ತರ: ನಿಮ್ಮ ಮೆಕ್ಕೆಜೋಳ ಅಡ್ಡ ಬರುವುದು ಮೊದಲನೆಯ ದೂರಕ್ಕೆ. ಓಡುತ್ತಾ ಬರುವವರ ತ್ರಿಕೋನ ಬಹುಪಾಲು ರೈತರ ಹೊಲದ ಮೇಲೇ ಬೀಳುತ್ತದೆ. ಅವರು ಒಪ್ಪಿ ಮೂಲೆಯಲ್ಲಿ ಸೋಯಾಬೀನ್‌ನಂಥ ಗಿಡ್ಡ ಬೆಳೆ ಹಾಕಿದರೆ ಸಂತೋಷ. ಒಪ್ಪದಿದ್ದರೆ, ಎಲ್ಲರೂ ನಿಂತೇ ಹೋಗುವಂತೆ ಯೀಲ್ಡ್ ತೆಗೆದು ಸ್ಟಾಪ್ ಬೋರ್ಡು ಹಾಕಿ ಅಂತ ಕೇಳಿ. ಎಂಜಿನಿಯರಿಂಗ್ ಅಧ್ಯಯನ ಆಗಬೇಕು, ಆದರೆ ಖರ್ಚು ಕಡಿಮೆ.

ನಿಂತು ನೋಡುವವರ ಕತೆ ಬೇರೆ. ಹಳಿ ನೇರವಾಗಿದ್ದರೆ 15 ಅಡಿ ಹಿಂದಿನಿಂದ ನೋಡುವ ನೋಟ ಹಳಿಯ ಪಕ್ಕದ ಪಟ್ಟಿಯಲ್ಲೇ ಹೋಗುತ್ತದೆ. ಅದು ಸಾಮಾನ್ಯವಾಗಿ ರೈಲ್ವೆಯದೇ ಜಾಗ. ಅಲ್ಲಿ ಪೊದೆ ಬೆಳೆದಿದ್ದರೆ ಕಡಿಯಬೇಕಾದವರೂ ಅವರೇ. ಕ್ರಾಸಿಂಗ್ ಸಂಖ್ಯೆ, ಯಾವ ದಿಕ್ಕು, ಎಷ್ಟು ಅಡಿ ಕಾಣುತ್ತದೆ, ಒಂದು ಫೋಟೋ, ಇಷ್ಟನ್ನು ರೈಲ್ವೆ ಕಂಪನಿಗೆ ಕಳಿಸಿ, ಒಂದು ಪ್ರತಿ ರಾಜ್ಯಕ್ಕೆ ಹಾಕಿ. ಹಳಿ ತಿರುವಿನಲ್ಲಿದ್ದು ಪೊದೆ ಕಡಿದರೂ ಅಷ್ಟು ದೂರ ಕಾಣದಿದ್ದರೆ, ಗೇಟು ಬೇಕು ಅನ್ನುವುದಕ್ಕೆ ಅದಕ್ಕಿಂತ ಬಲವಾದ ಕಾರಣ ಇಲ್ಲ. ಆ ಅಂಕಿಯನ್ನೇ ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಿರಿ.