ಬಿಲ್ ಎರಡನೇ ಹಾಳೆಗೆ ಹೋಗುತ್ತಿದೆ, ತಲೆ ಕೆಟ್ಟಿದೆ

ವಖಾರಿ_ಬಿಲ್ (ಶಿರಸಿ)
ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಅಡಿಕೆ ವಖಾರಿಗೆ ಅಂತ ಬಿಲ್ ಮಾಡುವ ಸಣ್ಣ ಪ್ರೋಗ್ರಾಮ್ ಬರೆದಿದ್ದೆ. ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದು; ಲೈಸೆನ್ಸ್ ಜಿಪಿಎಲ್. ಇಷ್ಟು ದಿನ ಒಂದೇ ಹಾಳೆಯಲ್ಲಿ ಚಂದ ಬರುತ್ತಿತ್ತು. ಈಗ ‘ಕೆಂಪುಗೋಟು’ ಅಂತ ಅಡಿಕೆಯ ಹೆಸರು ಇದ್ದಲ್ಲಿ ‘ಟು’ ಕೆಳಗಿನ ಸಾಲಿಗೆ ಬೀಳುತ್ತದೆ. ‘ಒಟ್ಟು ಮೊತ್ತ’ ಮಾತ್ರ ಎರಡನೇ ಹಾಳೆಗೆ ಹೋಗಿ ಕೂರುತ್ತದೆ. ಕೋಡಿನಲ್ಲಿ ಒಂದಕ್ಷರ ಮುಟ್ಟಿಲ್ಲ. ಗೊತ್ತಿದ್ದವರು ಹೇಳಿ.

ಕುಮಟಾ_ಪ್ರಿಂಟ್
ಪ್ರಿಂಟರ್ ಸೆಟ್ಟಿಂಗ್. ಎ4 ಬದಲು ಲೆಟರ್ ಆಗಿರುತ್ತದೆ. ಲೆಟರ್ ಹಾಳೆ ಉದ್ದದಲ್ಲಿ ಸುಮಾರು 18 ಮಿ.ಮೀ. ಕಡಿಮೆ. ನೂರಕ್ಕೆ ನೂರು ಅದೇ.

ವಖಾರಿ_ಬಿಲ್
ಎ4 ಇದೆ. ಮೊದಲು ನೋಡಿದ್ದೇ ಅದನ್ನು.

ಕುಮಟಾ_ಪ್ರಿಂಟ್
ಹಾಗಾದರೆ ಡ್ರೈವರ್. ತೆಗೆದು ಮತ್ತೆ ಹಾಕಿ. ಇಲ್ಲ ಅಂದ್ರೆ ಕಾಗದಕ್ಕೆ ಥಂಡಿ ಹೊಡೆದಿದೆ. ಮಳೆಗಾಲದಲ್ಲಿ ನಮ್ಮಲ್ಲಿ ರೀಮ್ ಬಿಚ್ಚಿದ ಮರುದಿನಕ್ಕೇ ಹಾಳೆ ಹಸಿ ಹಪ್ಪಳದ ಹಾಗೆ ಆಗುತ್ತದೆ.

ಕರಿಈಶಾಡು (ಅಂಕೋಲಾ)
ಥಂಡಿ ಹೊಡೆದರೆ ಅಕ್ಷರ ದಪ್ಪ ಆಗುತ್ತದಾ ಮಾರಾಯ್ರೆ?

ಕುಮಟಾ_ಪ್ರಿಂಟ್
ನಗಬೇಡಿ. ನನ್ನ ಅಂಗಡಿಯಲ್ಲಿ ಮೂರು ಪ್ರಿಂಟರ್ ಇವೆ. ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್, ರಿಬ್ಬನ್ ಬಿಟ್ಟರೆ ಏನೂ ಬದಲಿಸಿಲ್ಲ. ಅದರಲ್ಲಿ ಇಂಥ ರಗಳೆಯೇ ಇಲ್ಲ.

ಕಾಳಿದಂಡೆ (ಕಾರವಾರ)
ಪಿಡಿಎಫ್ ಮಾಡಿ ನೋಡಿ. ಅದರಲ್ಲೂ ಎರಡು ಹಾಳೆ ಬಂದರೆ ಪ್ರಿಂಟರ್ ಪಾಪದ್ದು. ಫಾಂಟ್ ಯಾವುದು?

ವಖಾರಿ_ಬಿಲ್
ಪಿಡಿಎಫ್‌ನಲ್ಲೂ ಎರಡು. ಫಾಂಟ್ ಮಾಮೂಲಿ, ಅಂಕಿಗೆ ಕ್ಯಾಲಿಬ್ರಿ, ಕನ್ನಡಕ್ಕೆ ತುಂಗಾ. ಹಾಂ, ಒಂದು ಬಿಟ್ಟುಹೋಯಿತು. ಆ ಎರಡೂ ಫೈಲನ್ನು ನನ್ನ ವಿಂಡೋಸ್‌ನಿಂದ ಕಾಪಿ ಮಾಡಿ ಪ್ರೋಗ್ರಾಮ್ ಜೊತೆ ಇಟ್ಟಿದ್ದೆ. ಹಾಗೆ ಹಂಚುವಂತಿಲ್ಲ ಅಂತ ಯಾರೋ ಬರೆದರು, ಹೋದ ವಾರ ತೆಗೆದೆ. ವಖಾರಿಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್; ಆ ಫಾಂಟ್ ಅದರ ಜೊತೆ ಬರುವುದಿಲ್ಲ. ಆದರೆ ಕೋಡ್ ಮುಟ್ಟಿಲ್ಲ!

ಕರಿಈಶಾಡು
ಇದನ್ನು ಮೊದಲೇ ಹೇಳಬಾರದಿತ್ತಾ!

ಕಾಳಿದಂಡೆ
ಸಿಕ್ಕಿತು. ಟರ್ಮಿನಲ್‌ನಲ್ಲಿ ಎಫ್‌ಸಿ-ಮ್ಯಾಚ್ ಎಂದು ಹೊಡೆದು ಮುಂದೆ ಕ್ಯಾಲಿಬ್ರಿ ಹೆಸರು ಹಾಕಿ, ಅದರ ಬದಲಿಗೆ ಯಾವ ಫಾಂಟ್ ಬಳಕೆಯಾಗುತ್ತಿದೆ ಅಂತ ಹೇಳುತ್ತದೆ. ಡೆಜಾವು ಅಂತ ಬಂದರೆ ಅದೇ ಕಳ್ಳ. ಅದರ ಅಕ್ಷರ ಕ್ಯಾಲಿಬ್ರಿಗಿಂತ ಅಗಲ. ನಿಮಗೆ ಬೇಕಾದದ್ದು ಕ್ಯಾರ್ಲಿಟೊ ಫಾಂಟ್. ನೋಡಲು ಬೇರೆ, ಆದರೆ ಒಂದೊಂದು ಅಕ್ಷರದ ಅಗಲವೂ ಕ್ಯಾಲಿಬ್ರಿಯದ್ದೇ. ಹಾಗಾಗಿ ಸಾಲು ಒಡೆಯುವ ಜಾಗ ಬದಲಾಗುವುದಿಲ್ಲ. ಏರಿಯಲ್, ಟೈಮ್ಸ್‌ಗೆ ಬದಲಿಯಾಗಿ ಲಿಬರೇಶನ್ ಫಾಂಟ್ ಇದೆಯಲ್ಲ, 2007ರಲ್ಲಿ ರೆಡ್ ಹ್ಯಾಟ್ ಕಂಪನಿ ಬಿಟ್ಟಿದ್ದು, ಅದೇ ಜಾತಿ.

ವಖಾರಿ_ಬಿಲ್
ಡೆಜಾವು ಅಂತಲೇ ಬಂತು. ಸುಮ್ನೆ ಹಳೇ ಕ್ಯಾಲಿಬ್ರಿ ಫೈಲಿಗೇ ಬೇರೆ ಹೆಸರು ಕೊಟ್ಟು ಇಟ್ಟರೆ ನಡೆಯೋದಿಲ್ವಾ?

ಕಾಳಿದಂಡೆ
ಇಲ್ಲ ತಮ್ಮಾ. ಹೆಸರು ಬದಲಿಸಿದರೂ ಮಾಲು ಅವರದ್ದೇ. ವಿಂಡೋಸ್ ಜೊತೆ ಬಂದ ಫಾಂಟನ್ನು ನೀನು ಮುಂದೆ ಹಂಚುವ ಹಾಗಿಲ್ಲ. ಕ್ಯಾರ್ಲಿಟೊ ಓಎಫ್‌ಎಲ್ ಎಂಬ, ಫಾಂಟಿಗೆ ಅಂತಲೇ ಇರುವ ಮುಕ್ತ ಲೈಸೆನ್ಸಿನಲ್ಲಿದೆ, ಪ್ರೋಗ್ರಾಮ್ ಜೊತೆ ಧಾರಾಳವಾಗಿ ಕೊಡಬಹುದು. ಲೈಸೆನ್ಸ್ ಫೈಲು, ಕಾಪಿರೈಟ್ ಸಾಲು ಎರಡೂ ಫಾಂಟಿನ ಫೋಲ್ಡರಿನಲ್ಲೇ ಇರಲಿ. ನಿನ್ನ ಕೋಡ್ ಜಿಪಿಎಲ್ ಅಂತ ಫಾಂಟನ್ನೂ ಜಿಪಿಎಲ್ ಎಂದು ಬರೆಯಬೇಡ. ಅದು ಓಎಫ್‌ಎಲ್ ಆಗಿಯೇ ಉಳಿಯಬೇಕು.

ಕುಮಟಾ_ಪ್ರಿಂಟ್
ಓಎಫ್‌ಎಲ್ ಫಾಂಟ್ ಮಾರಬಾರದು. ಇವರು ವಖಾರಿಯವರ ಹತ್ತಿರ ದುಡ್ಡು ತಗೊಂಡಿದ್ದರೆ ಅಲ್ಲೇ ತಪ್ಪಾಯಿತು.

ಕರಿಈಶಾಡು
ಬರೀ ಫಾಂಟನ್ನೇ ಮಾರಬಾರದು. ತಂತ್ರಾಂಶದ ಜೊತೆ ಕಟ್ಟಿ ಮಾರಬಹುದು. ಲೈಸೆನ್ಸ್ ಎರಡೇ ಪುಟ, ಓದಿ.

ಕುಮಟಾ_ಪ್ರಿಂಟ್
ಓದಿದ್ದೇನೆ. ನೀವು ಹುಟ್ಟುವ ಮೊದಲಿಂದ ಡಿಟಿಪಿ ಮಾಡಿದ್ದೇನೆ.

ಕರಿಈಶಾಡು
ಓಎಫ್‌ಎಲ್ 1.1 ಬಂದದ್ದೇ 2007ರಲ್ಲಿ. ಆಗ ನಾನು ಹೈಸ್ಕೂಲು.

ವಖಾರಿ_ಬಿಲ್
ಜಗಳ ಬಿಡಿ. ನನಗೆ ಬೇಕಾದ್ದು ಅಂಕಿ ಮಾತ್ರ. ಉಳಿದ ಅಕ್ಷರ ಕಿತ್ತುಹಾಕಿ ಫೈಲ್ ಸಣ್ಣ ಮಾಡಬಹುದಾ?

ಕಾಳಿದಂಡೆ
ಮಾಡಬಹುದು. ಆದರೆ ಆಗ ಅದು ತಿದ್ದಿದ ಫಾಂಟ್. ಕಾಪಿರೈಟ್ ಸಾಲಿನಲ್ಲಿ ಹೆಸರು ಮೀಸಲು ಎಂದಿದ್ದರೆ ನೀನು ಬೇರೆ ಹೆಸರು ಇಡಬೇಕು. ಇಷ್ಟಕ್ಕೆ ಆ ಗೋಳು ಯಾಕೆ? ಇದ್ದ ಹಾಗೇ ಇಡು.

ವಖಾರಿ_ಬಿಲ್
ಹಾಕಿದೆ. ಅಂಕಿಯ ಕಾಲಮ್ ಮೊದಲಿನ ಜಾಗಕ್ಕೇ ಬಂತು! ಆದರೆ ಕನ್ನಡ ಸರಿಯಾಗಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದ್ದೇನೆ. ‘ಬೆಟ್ಟೆ’ ಅಂತ ಇನ್ನೊಂದು ಬಗೆಯ ಅಡಿಕೆ ಇದೆ, ಅದರ ಒತ್ತು ಗೆರೆಯ ಅಡಿಗೆ ಹೋಗಿ ‘ಬೆಟೆ’ ಅಂತ ಕಾಣುತ್ತದೆ. ನಿನ್ನೆ ಒಬ್ಬ ಹೆಗಡೆಯವರು ಬಿಲ್ ಹಿಡಿದುಕೊಂಡು, ‘ಎಂತದಾ ಇದು, ನಾನು ಬೇಟೆಗೆ ಹೋಗಿದ್ನಾ’ ಅಂದರು.

ಕಾಳಿದಂಡೆ
😄 ತುಂಗಾದ ಅಳತೆಗೆ ಅಂತಲೇ ಮಾಡಿದ ಬದಲಿ ಫಾಂಟ್ ನಾನಂತೂ ನೋಡಿಲ್ಲ. ನೋಟೊ, ಲೋಹಿತ್ ಎರಡೂ ಓಎಫ್‌ಎಲ್, ಕಾನೂನಿನ ತೊಂದರೆ ಇಲ್ಲ. ಆದರೆ ಅಳತೆ ಅವುಗಳದ್ದೇ. ಇಲ್ಲಿ ಕೋಡ್ ಮುಟ್ಟಲೇಬೇಕು. ಸಾಲಿನ ಎತ್ತರ ಇಷ್ಟೇ ಅಂತ ಕಟ್ಟಿದ್ದೀಯಲ್ಲ, ಅದನ್ನು ಬಿಡು, ಅಕ್ಷರಕ್ಕೆ ತಕ್ಕಂತೆ ಬೆಳೆಯಲಿ. ಮಾಲಿನ ಹೆಸರಿನ ಕಾಲಮ್ ಸ್ವಲ್ಪ ಅಗಲ ಮಾಡು. ‘ಕೆಂಪುಗೋಟು’ ಹಿಡಿದರೆ ರಾಶಿ, ಚಾಲಿ ಎಲ್ಲ ಹಿಡಿಯುತ್ತವೆ.

ವಖಾರಿ_ಬಿಲ್
‘ತಟ್ಟಿಬೆಟ್ಟೆ’ ಇನ್ನೂ ಉದ್ದ ಇದೆ ಅಣ್ಣಾ. ಸಂಜೆ ವಖಾರಿಗೆ ಹೋಗಿ ನೋಡುತ್ತೇನೆ.

ಕುಮಟಾ_ಪ್ರಿಂಟ್
ಡಾಟ್ ಮ್ಯಾಟ್ರಿಕ್ಸ್ ಆಗಿದ್ದರೆ ಇದೆಲ್ಲ ಬರುತ್ತಲೇ ಇರಲಿಲ್ಲ.

ಕರಿಈಶಾಡು
ಅದಿರಲಿ, ರಿಬ್ಬನ್ ಎಲ್ಲಿಂದ ತರಿಸುತ್ತೀರಿ? ಅಂಕೋಲೆಯಲ್ಲಿ ಸಿಗ್ತಾ ಇಲ್ಲ.