ಮಗುವಿನ ಪೂರ್ವಜ್ಞಾನದಿಂದಲೇ ಪಾಠ ಆರಂಭಿಸಬೇಕೆಂಬ ನಂಬಿಕೆ ತರಗತಿಯಲ್ಲಿ ನಿಲ್ಲುವುದೇ?

ಪ್ರಶ್ನೆ (ಬಿ.ಇಡಿ. ಪ್ರಶಿಕ್ಷಣಾರ್ಥಿ, ಧಾರವಾಡ)

ಬೋಧನೆ ಮತ್ತು ಕಲಿಕೆಯ ಬಗ್ಗೆ ನನ್ನ ವೈಯಕ್ತಿಕ ನಂಬಿಕೆಗಳನ್ನು ಇಂಟರ್ನ್‌ಶಿಪ್ ವರದಿಯೊಡನೆ ಬರೆದು ಒಪ್ಪಿಸಬೇಕಾಗಿದೆ. ಮಗು ತನಗೆ ಈಗಾಗಲೇ ಗೊತ್ತಿರುವುದರ ಮೇಲೆಯೇ ಹೊಸ ಅರಿವನ್ನು ಕಟ್ಟಿಕೊಳ್ಳುತ್ತದೆ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ; ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ಇದನ್ನೇ ಹೇಳುತ್ತದೆ. ಆದರೆ 40 ಮಕ್ಕಳ ತರಗತಿಯಲ್ಲಿ, ಪಾಠ ಮುಗಿಸುವ ಒತ್ತಡದ ನಡುವೆ, ಪೂರ್ವಜ್ಞಾನವನ್ನು ಪರೀಕ್ಷಿಸುವುದೆಂದರೆ ಮೊದಲ ಐದು ನಿಮಿಷದಲ್ಲಿ ಕೇಳುವ ಮೂರು ನಾಲ್ಕು ಪ್ರಶ್ನೆಗಳು ಎಂಬಂತಾಗಿದೆ. ಉತ್ತರ ಗೊತ್ತಿರುವವರಷ್ಟೇ ಕೈಯೆತ್ತುತ್ತಾರೆ. ಆಚರಣೆಗೆ ತರಲಾಗದ ನಂಬಿಕೆಯನ್ನು ನನ್ನದೆಂದು ಬರೆಯುವುದು ಸರಿಯೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕಿ)

ಖಂಡಿತ ಬರೆಯಿರಿ, ಆದರೆ ಮಗು ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ ಎಂಬುದರ ಮೂಲಕ ಬರೆಯಿರಿ. 52ರಲ್ಲಿ 27 ಕಳೆದು 35 ಎಂದು ಬರೆಯುವ ಮಕ್ಕಳನ್ನು ನೀವೂ ಕಂಡಿರಬಹುದು. ಅದು ಅಜಾಗರೂಕತೆಯಲ್ಲ. ಬಿಡಿಸ್ಥಾನದ 2ರಲ್ಲಿ 7 ಕಳೆಯಲು ಬಾರದಿದ್ದಾಗ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದೆ ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿ, ಮಗು 7ರಲ್ಲಿ 2 ಕಳೆದಿರುತ್ತದೆ. ಕೆಂಪು ಶಾಯಿಯ ಗೀಟು ಆ ನಿಯಮವನ್ನು ಮುಟ್ಟುವುದೇ ಇಲ್ಲ. "ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟಾ" ಎಂದು ಕೇಳಿ, ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಕೈಗೆ ಕೊಟ್ಟರೆ, 27 ತೆಗೆಯಲು ಒಂದು ಕಟ್ಟನ್ನು ಬಿಚ್ಚಲೇಬೇಕೆಂಬುದು ಮಗುವಿಗೇ ಹೊಳೆಯುತ್ತದೆ. ಎಲ್ಲರನ್ನೂ ದಿನವೂ ಹೀಗೆ ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ನೋಟ್‌ಬುಕ್ ತಿದ್ದುವಾಗಲೇ ಒಂದೇ ಬಗೆಯ ತಪ್ಪು ಮಾಡಿದವರನ್ನು ಗುರುತಿಸಿ ಒಟ್ಟಿಗೆ ಕೂರಿಸಿಕೊಳ್ಳಿ.

ಉತ್ತರ (ನಲಿ-ಕಲಿ ಶಿಕ್ಷಕ, ಮೈಸೂರು ಜಿಲ್ಲೆ)

ಮೇಡಂ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಇಂಥ ನಂಬಿಕೆಗೆ ತರಗತಿಯ ವ್ಯವಸ್ಥೆಯೂ ಆಸರೆಯಾಗಬೇಕು. ನಲಿ-ಕಲಿ ಎಂದರೆ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಯವರೆಗಿನ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಇದರಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದುದನ್ನು ಹಂತಹಂತವಾಗಿ ಜೋಡಿಸಿದ ಪಟ್ಟಿಯಲ್ಲಿ, ತಾನಿರುವ ಮೆಟ್ಟಿಲಿನ ಚಟುವಟಿಕೆಯ ಕಾರ್ಡನ್ನೇ ಎತ್ತಿಕೊಳ್ಳುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಗುಂಪಿನಲ್ಲಿ, ತಾವಾಗಿಯೇ ಕಲಿಯಬಲ್ಲವರು ಮತ್ತೊಂದರಲ್ಲಿ ಕೂರುತ್ತಾರೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಮಕ್ಕಳಿಗೆ ಈ ಆಸರೆ ತಪ್ಪಿಹೋಗುವುದು ನನಗೆ ಇಂದಿಗೂ ನೋವಿನ ಸಂಗತಿ.

ಉತ್ತರ (ನಿವೃತ್ತ ಉಪನ್ಯಾಸಕ, ಡಯಟ್ — ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ)

ನನ್ನದೊಂದು ಭಿನ್ನಾಭಿಪ್ರಾಯವಿದೆ. ಅರಿವನ್ನು ಮಗುವೇ ಕಟ್ಟಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಶಿಕ್ಷಕರು ವಿವರಿಸಬಾರದು, ಮಗ್ಗಿ ಬಾಯಿಪಾಠ ಮಾಡಿಸಬಾರದು ಎಂದಾಗುವುದಿಲ್ಲ. ಮಗ್ಗಿ ಬಾರದ ಮಗು ಭಾಗಾಕಾರದ ಅರ್ಧದಲ್ಲೇ ಕೈಚೆಲ್ಲುತ್ತದೆ. ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಸೋವಿಯತ್ ಮನೋವಿಜ್ಞಾನಿ ವೈಗೋಟ್‌ಸ್ಕಿ ಕೂಡ ಒತ್ತು ಕೊಟ್ಟದ್ದು ಬಲ್ಲವರ ನೆರವಿನಿಂದ ಮಗು ಏನನ್ನು ಮಾಡಬಲ್ಲದು ಎಂಬುದಕ್ಕೆ. ಆದ್ದರಿಂದ ಯಾವುದನ್ನು ನೀವೇ ಹೇಳಿಕೊಡುತ್ತೀರಿ, ಯಾವುದನ್ನು ಮಗುವೇ ಕಂಡುಕೊಳ್ಳಲು ಬಿಡುತ್ತೀರಿ ಎಂಬುದು ನೀವು ಮಾಡಿದ ಒಂದು ಪಾಠದ ಉದಾಹರಣೆಯೊಡನೆ ಬರಲಿ. ಪ್ರಶಿಕ್ಷಣಾರ್ಥಿಗಳ ವರದಿಗಳನ್ನು ಓದುವಾಗ ನಾನು ಹುಡುಕುತ್ತಿದ್ದುದು ಅದನ್ನೇ.